ನೋಡುವ ಕಣ್ಣು ಓದಲಿ, ಓದುವ ಮನಸ್ಸು ಪ್ರಶ್ನಿಸಲಿ

ಮಕ್ಕಳ ಕೈಗೆ ಮೊಬೈಲು ಬಂದಿತು, ಪುಸ್ತಕ ಜಾರಿತು ಎಂಬ ದೂರು ಇಂದು ಮನೆಮನೆಯಲ್ಲೂ ಕೇಳಿಬರುತ್ತಿದೆ. ಪೋಷಕರ ಸಭೆಗಳಲ್ಲಿ, ಚರ್ಚಿನ ಅಂಗಳದಲ್ಲಿ, ನೆಂಟರಿಷ್ಟರು ಸೇರುವ ಸಮಾರಂಭಗಳಲ್ಲಿ ಇದೇ ಮಾತು. ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ‘ಪ್ರಥಮ್’ ಸಂಸ್ಥೆಯ ನೆರವಿನಿಂದ ಗ್ರಾಮೀಣ ಭಾರತದಲ್ಲಿ ನಡೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಸುಮಾರು 27 ಮಂದಿ ಮಾತ್ರ. ಅದೇ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಕಲಿಕೆಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ಓದು ಕೈಗೂಡುವ ಮೊದಲೇ ಮೊಬೈಲು ಕೈಗೆ ಬರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಆದರೆ ದೂರುವುದರಿಂದ ಮಗು ಓದು ಕಲಿಯುವುದಿಲ್ಲ. ಮೊಬೈಲನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವುದು ಕೆಲವು ದಿನಗಳ ಮಟ್ಟಿಗೆ ಸಾಧ್ಯವಾದೀತೇ ಹೊರತು ಶಾಶ್ವತ ಪರಿಹಾರವಾಗಲಾರದು. ಮಕ್ಕಳು ಹೇಗೂ ನೋಡುವ ವಿಡಿಯೊಗಳನ್ನೇ ಓದು ಕಲಿಸುವ ಸಾಧನವನ್ನಾಗಿ, ಸುಳ್ಳುಸತ್ಯಗಳನ್ನು ಬೇರ್ಪಡಿಸುವ ವಿವೇಕವನ್ನು ಬೆಳೆಸುವ ಸಾಧನವನ್ನಾಗಿ ಮಾಡಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯನ್ನು ನಾವು ಈ ವಾರ ಓದುಗರ ಮುಂದಿಡಬಯಸುತ್ತೇವೆ. ಸಾಧ್ಯವಿದೆ ಎಂಬುದು ನಮ್ಮ ನಂಬಿಕೆ. ಆದರೆ ಅದಕ್ಕೊಂದು ಷರತ್ತಿದೆ: ಹಿರಿಯರೊಬ್ಬರು ಮಗುವಿನ ಪಕ್ಕದಲ್ಲಿ ಕುಳಿತಿರಬೇಕು.

ದೃಶ್ಯಮಾಧ್ಯಮದ ಮೂಲಕ ಕಲಿಸುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ ಹಾಗೂ ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಊರಿಗೊಂದೇ ಪೆಟ್ಟಿಗೆ ಇದ್ದುದರಿಂದ ಎಲ್ಲರೂ ಒಟ್ಟಿಗೆ ಕುಳಿತು ನೋಡುವುದು ಅನಿವಾರ್ಯವಾಗಿತ್ತು. ಇಂದು ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ನೋಡುವುದು ನೂರ್ಮಡಿಯಾಗಿದೆ, ಒಟ್ಟಿಗೆ ನೋಡುವುದು ನಿಂತುಹೋಗಿದೆ. ಕಳೆದುಹೋದ ಈ ಒಡನಾಟವನ್ನು ಮರಳಿ ಪಡೆಯದೆ ಯಾವ ಶೈಕ್ಷಣಿಕ ವಿಡಿಯೊ ಕೂಡ ಪೂರ್ಣ ಫಲ ಕೊಡಲಾರದು.

ಮೊದಲು ಅಕ್ಷರದ ವಿಚಾರಕ್ಕೆ ಬರೋಣ. 1996ರಲ್ಲಿ ಬ್ರಿಜ್ ಕೊಠಾರಿ ಎಂಬ ಭಾರತೀಯ ವಿದ್ವಾಂಸರು ಅಮೆರಿಕದಲ್ಲಿದ್ದಾಗ ಮಿತ್ರರೊಡನೆ ಸ್ಪ್ಯಾನಿಷ್ ಚಲನಚಿತ್ರವೊಂದನ್ನು ನೋಡುತ್ತಿದ್ದರು. ಪರದೆಯ ಕೆಳಗೆ ಮೂಡುವ ಅಡಿಬರಹವೂ ಸ್ಪ್ಯಾನಿಷ್‌ನಲ್ಲೇ ಇದ್ದಿದ್ದರೆ ಆ ಭಾಷೆಯನ್ನು ಕಲಿಯುವುದು ಸುಲಭವಾಗುತ್ತಿತ್ತಲ್ಲ ಎಂಬ ಮಾತು ಅಲ್ಲಿ ಬಂದಿತು. ಹಿಂದಿ ಹಾಡಿಗೆ ಹಿಂದಿಯಲ್ಲೇ ಅಡಿಬರಹ ಹಾಕಿದರೆ ನಮ್ಮ ದೇಶ ಓದು ಕಲಿತೀತು ಎಂಬ ಆಲೋಚನೆ ಅದರಿಂದ ಹುಟ್ಟಿತು. ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆಯಲ್ಲಿದ್ದು ಅವರು ಈ ಕೆಲಸವನ್ನು ಮುಂದುವರಿಸಿದರು. 1999ರಲ್ಲಿ ಗುಜರಾತಿ ಚಿತ್ರಗೀತೆಗಳ ದೂರದರ್ಶನ ಕಾರ್ಯಕ್ರಮದಲ್ಲಿ, ಅನಂತರ ಹಿಂದಿಯ ‘ರಂಗೋಲಿ’ಯಲ್ಲಿ, ಹಾಡಿನ ಸಾಲುಗಳು ಅದೇ ಭಾಷೆಯಲ್ಲಿ ಪರದೆಯ ಮೇಲೆ ಮೂಡಿದವು. ಹಾಡಿನ ಗತಿಗೆ ತಕ್ಕಂತೆ ಪದಗಳ ಬಣ್ಣ ಬದಲಾಗುತ್ತ ಸಾಗುತ್ತಿತ್ತು.

ಇದರ ಗುಟ್ಟು ಸರಳವಾದುದು. ಚಿತ್ರಗೀತೆಯನ್ನು ಜನರು ಮತ್ತೆ ಮತ್ತೆ ಕೇಳುತ್ತಾರೆ, ಮುಂದಿನ ಪದ ಯಾವುದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಕಿವಿಗೆ ಪರಿಚಿತವಾದ ಪದ ಕಣ್ಣಿಗೂ ಅದೇ ಕ್ಷಣದಲ್ಲಿ ಕಂಡಾಗ ಅಕ್ಷರಕ್ಕೂ ಧ್ವನಿಗೂ ನಂಟು ಬೆಳೆಯುತ್ತದೆ. ಓದು ಅರೆಬರೆಯಾಗಿರುವವರ ಕಣ್ಣು ಕೂಡ ತಾನಾಗಿಯೇ ಆ ಸಾಲಿನತ್ತ ಹೋಗುತ್ತದೆ ಎಂಬುದು ಕೊಠಾರಿಯವರ ಬಳಗದ ಅಧ್ಯಯನಗಳಿಂದ ಕಂಡುಬಂದಿದೆ. ಅಕ್ಷರವನ್ನೇ ಅರಿಯದವರನ್ನು ಇದು ಒಂದೇ ದಿನದಲ್ಲಿ ಪಂಡಿತರನ್ನಾಗಿ ಮಾಡುವುದಿಲ್ಲ; ತಡವರಿಸಿ ಓದುವವರನ್ನು ಸರಾಗ ಓದಿನತ್ತ ಕೊಂಡೊಯ್ಯುತ್ತದೆ. ನಮ್ಮ ಮಕ್ಕಳಲ್ಲಿ ಬಹುಪಾಲು ನಿಂತಿರುವುದು ಈ ತಡವರಿಕೆಯ ಹಂತದಲ್ಲಿಯೇ ಎಂಬುದನ್ನು ಮರೆಯಬಾರದು.

ನಮ್ಮ ಸಮುದಾಯಕ್ಕೆ ಈ ವಿಧಾನ ಅಪರಿಚಿತವೇನಲ್ಲ. ಇಂದು ಹಲವು ಚರ್ಚುಗಳಲ್ಲಿ ಬಲಿಪೂಜೆಯ ಗೀತೆಗಳ ಸಾಲುಗಳನ್ನು ಪರದೆಯ ಮೇಲೆ ತೋರಿಸಲಾಗುತ್ತಿದೆ. ಬಾಯಿಪಾಠವಾಗಿರುವ ಗೀತೆಯನ್ನು ಮಗು ಅಲ್ಲಿ ನೋಡಿಕೊಂಡು ಹಾಡುವಾಗ ತನಗರಿವಿಲ್ಲದೆ ಓದುತ್ತಿರುತ್ತದೆ. ಅದೇ ಕ್ರಮವನ್ನು ಮನೆಗೂ ತರಬಹುದು. ಸಾಹಿತ್ಯವನ್ನು ಪರದೆಯ ಮೇಲೆ ತೋರಿಸುವ ಭಕ್ತಿಗೀತೆ, ಭಾವಗೀತೆಗಳ ವಿಡಿಯೊಗಳಿವೆ. ಕೊಠಾರಿಯವರೇ ಹುಟ್ಟುಹಾಕಿದ ‘ಬುಕ್‌ಬಾಕ್ಸ್’ ಸಂಸ್ಥೆಯ ಸಚಿತ್ರ ಕಥೆಗಳಲ್ಲಿ ಹೇಳುವ ಮಾತು ಹಾಗೂ ಬರೆದ ಸಾಲು ಜೊತೆಜೊತೆಯಾಗಿ ಸಾಗುತ್ತವೆ. ಅವು ಕನ್ನಡದಲ್ಲೂ ದೊರೆಯುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಓದಬಹುದು. ವಿಡಿಯೊ ಮುಗಿದ ಮೇಲೆ ಅದೇ ಕಥೆಯನ್ನು ಧ್ವನಿಯಿಲ್ಲದೆ ಮತ್ತೊಮ್ಮೆ ತೋರಿಸಿ, ಸಾಲುಗಳನ್ನು ಮಗುವಿನಿಂದಲೇ ಓದಿಸುವುದು ಹೆಚ್ಚು ಫಲಕಾರಿ. ಅಜ್ಜ ಅಜ್ಜಿಯರು ಕೇಳುಗರಾಗಿ ಕುಳಿತರಂತೂ ಮಗುವಿನ ಉತ್ಸಾಹ ಇಮ್ಮಡಿಯಾಗುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಮೊಬೈಲಿನ ಬಳಕೆ ಈಗಲೇ ಮಿತಿಮೀರಿರುವಾಗ ಓದಿಗೂ ಅದನ್ನೇ ಕೊಡಬೇಕೆ ಎಂದು ಹಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ನಾವು ಹೇಳುತ್ತಿರುವುದು ಇನ್ನಷ್ಟು ಹೊತ್ತು ನೋಡಿರೆಂದಲ್ಲ. ನೋಡುವ ಹೊತ್ತಿನ ಒಂದು ಪಾಲನ್ನು ಬದಲಿಸಿಕೊಳ್ಳಿರೆಂದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸೂಚನೆಯಂತೆ ಒಂದು ವರ್ಷದ ಕೂಸಿಗೆ ಪರದೆಯೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು. ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನೆಯತಕ್ಕದ್ದು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನಿ ಭಾಷೆಯವರು ಎದುರಿಗೆ ಕುಳಿತು ಆಡಿ ಮಾತನಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದಾಗ ಏನನ್ನೂ ಕಲಿಯಲಿಲ್ಲ. ಯಂತ್ರವು ತಾಯಿಯ ಮಡಿಲಿಗೆ ಬದಲಿಯಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

ಅಕ್ಷರ ಬಂದ ಮಾತ್ರಕ್ಕೆ ಓದು ಬಂದಂತಾಯಿತೇ? ಇಲ್ಲ. ಓದಿದ್ದನ್ನು, ನೋಡಿದ್ದನ್ನು ತೂಗಿ ನೋಡುವ ಶಕ್ತಿಯೂ ಓದಿನ ಭಾಗವೇ. ಇದರ ಕೊರತೆ ಎಂತಹ ಅನಾಹುತಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು 2018ರಲ್ಲಿ ನಮ್ಮ ರಾಜ್ಯವೇ ಕಂಡಿತು.

ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯೊಂದು ಪೋಷಕರಿಗೆ ತಿಳಿವಳಿಕೆ ನೀಡಲು ಒಂದು ವಿಡಿಯೊ ತಯಾರಿಸಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣವೇ ಮರಳಿ ಬಂದು ಮಗುವನ್ನಿಳಿಸಿ, ಎಚ್ಚರಿಕೆಯ ಬರಹವಿರುವ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಕಿಡಿಗೇಡಿಗಳು ಕೊನೆಯ ಭಾಗವನ್ನು ಕತ್ತರಿಸಿ, ಇದು ನಮ್ಮಲ್ಲೇ ನಡೆದ ಅಪಹರಣವೆಂದು ವಾಟ್ಸಾಪ್‌ನಲ್ಲಿ ಹರಿಯಬಿಟ್ಟರು. ಮಕ್ಕಳನ್ನು ಕಾಪಾಡಲೆಂದು ಮಾಡಿದ ಶೈಕ್ಷಣಿಕ ವಿಡಿಯೊ ಹೀಗೆ ವದಂತಿಗೆ ಇಂಧನವಾಯಿತು. ಆ ವರ್ಷ ಮಕ್ಕಳ ಕಳ್ಳರ ವದಂತಿ ದೇಶದ ಹಲವೆಡೆ ಜೀವಗಳನ್ನು ಬಲಿ ತೆಗೆದುಕೊಂಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಮೆಗೆಂದು ಬಂದಿದ್ದ ರಾಜಸ್ಥಾನದ ಯುವಕನೊಬ್ಬ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

ಆ ವಿಡಿಯೊದಿಂದ ಕತ್ತರಿಸಿ ತೆಗೆದದ್ದು ಏನೆಂಬುದನ್ನು ಗಮನಿಸಿರಿ: ಓದಬೇಕಾಗಿದ್ದ ಫಲಕ. ನೋಡಿದವರಿಗೆ ಓದಲು ಏನೂ ಉಳಿದಿರಲಿಲ್ಲ, ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಈ ವಿಡಿಯೊ ಎಲ್ಲಿಯದು? ಮಾಡಿದವರು ಯಾರು? ಇದರ ಹಿಂದೆ ಮುಂದೆ ಏನಿತ್ತು? ಈ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನೇ ಇಂದು ಡಿಜಿಟಲ್ ಮಾಹಿತಿ ಸಾಕ್ಷರತೆ ಎನ್ನಲಾಗುತ್ತಿದೆ.

ಇದನ್ನು ಕಲಿಸುವ ಬಗೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಹಾಗೂ ಸಾರಾ ಮೆಕ್‌ಗ್ರೂ 2017ರ ಅಧ್ಯಯನವೊಂದರಲ್ಲಿ ತೋರಿಸಿಕೊಟ್ಟರು. ಹತ್ತು ಮಂದಿ ಇತಿಹಾಸ ವಿದ್ವಾಂಸರು, ಹತ್ತು ಮಂದಿ ವೃತ್ತಿಪರ ಸತ್ಯಶೋಧಕರು, 25 ಮಂದಿ ವಿದ್ಯಾರ್ಥಿಗಳಿಗೆ ಅಂತರಜಾಲದ ಪುಟಗಳನ್ನು ಕೊಟ್ಟು ಅವುಗಳ ವಿಶ್ವಾಸಾರ್ಹತೆಯನ್ನು ಅಳೆಯಲು ಹೇಳಲಾಯಿತು. ವಿದ್ಯಾರ್ಥಿಗಳು, ಅಷ್ಟೇಕೆ, ವಿದ್ವಾಂಸರಲ್ಲೂ ಹಲವರು ಪುಟದ ಅಂದಚಂದ, ಲಾಂಛನ, ಹೆಸರುಗಳಿಗೆ ಮೋಸಹೋದರು. ಸತ್ಯಶೋಧಕರಾದರೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಹೊರಗೆ ಬಂದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ಹುಡುಕಿದರು. ನಮಗಿದು ಹೊಸತೇ? ಮಗಳಿಗೆ ಸಂಬಂಧ ಬಂದಾಗ ಗಂಡಿನ ಮನೆಯವರ ಮಾತನ್ನಷ್ಟೇ ಕೇಳಿ ನಾವು ಒಪ್ಪುವುದಿಲ್ಲ. ಆ ಊರಿನ ನಾಲ್ಕು ಮಂದಿಯನ್ನು, ಅಲ್ಲಿನ ಧರ್ಮಗುರುಗಳನ್ನು ವಿಚಾರಿಸುತ್ತೇವೆ. ಮೊಬೈಲಿಗೆ ಬರುವ ಸುದ್ದಿಗೂ ಅದೇ ವಿಚಾರಣೆ ಸಲ್ಲಬೇಕು.

ಈ ಕೌಶಲವನ್ನೇ ಹತ್ತು ಕಂತುಗಳ ವಿಡಿಯೊ ಪಾಠಮಾಲೆಯಾಗಿ 2019ರಲ್ಲಿ ‘ಕ್ರ್ಯಾಶ್ ಕೋರ್ಸ್’ ಬಳಗವು ಸ್ಟ್ಯಾನ್‌ಫರ್ಡ್ ತಂಡದ ನೆರವಿನಿಂದ ಹೊರತಂದಿತು. ಲೇಖಕ ಜಾನ್ ಗ್ರೀನ್ ನಡೆಸಿಕೊಡುವ ಈ ಮಾಲೆ ಯೂಟ್ಯೂಬಿನಲ್ಲಿ ಉಚಿತವಾಗಿ ಲಭ್ಯವಿದೆ. ಯಾರನ್ನು ನಂಬಬೇಕು, ಚಿತ್ರ ಹಾಗೂ ವಿಡಿಯೊಗಳನ್ನು ಹೇಗೆ ಪರೀಕ್ಷಿಸಬೇಕು, ಅಂಕಿಅಂಶಗಳು ಹೇಗೆ ದಾರಿ ತಪ್ಪಿಸಬಲ್ಲವು, ಹುಡುಕಿದಾಗ ಮೊದಲು ಕಂಡುದನ್ನೇ ಏಕೆ ಒತ್ತಬಾರದು ಎಂಬುದನ್ನೆಲ್ಲ ಅದು ತಿಳಿಸುತ್ತದೆ. ಮಾಲೆ ಇಂಗ್ಲಿಷಿನಲ್ಲಿರುವುದರಿಂದ ಪ್ರೌಢಶಾಲೆಯ ಮಕ್ಕಳು ಅಡಿಬರಹದೊಡನೆ ನೋಡಿ, ತಂದೆತಾಯಿಯರಿಗೆ ಕನ್ನಡದಲ್ಲಿ ವಿವರಿಸಿ ಹೇಳಲಿ. ಕಲಿತದ್ದನ್ನು ಕಲಿಸುವುದಕ್ಕಿಂತ ಮಿಗಿಲಾದ ಅಭ್ಯಾಸ ಇನ್ನೊಂದಿಲ್ಲ.

ಅಭ್ಯಾಸಕ್ಕೆ ಉದಾಹರಣೆಗಳು ನಮ್ಮ ಧರ್ಮಸಭೆಯ ವಲಯದಲ್ಲೇ ಇವೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಯೊಬ್ಬರಿಗೆ ಬೆಂಬಲ ಘೋಷಿಸಿದರೆಂಬ ಶುದ್ಧ ಸುಳ್ಳು ಲಕ್ಷಾಂತರ ಜನರನ್ನು ತಲುಪಿತು. 2023ರ ಮಾರ್ಚ್‌ನಲ್ಲಿ ಅವರು ಬಿಳಿಯ ದಪ್ಪ ಚಳಿಯಂಗಿ ತೊಟ್ಟಂತಿದ್ದ ಚಿತ್ರ ಜಗತ್ತಿನೆಲ್ಲೆಡೆ ಹರಿದಾಡಿತು. ಅದು ಕೃತಕ ಬುದ್ಧಿಮತ್ತೆಯಿಂದ ರಚಿಸಿದ್ದು. ಇಂತಹ ಸುದ್ದಿ ಬಂದಾಗ ವ್ಯಾಟಿಕನ್ನಿನ ಅಧಿಕೃತ ಸುದ್ದಿಸೇವೆಯಲ್ಲಿ ಅದು ಇದೆಯೇ ಎಂದು ಮಕ್ಕಳಿಂದಲೇ ಹುಡುಕಿಸಬಹುದು. ಆ ಸೇವೆ ಕನ್ನಡದಲ್ಲೂ ಲಭ್ಯವಿದೆ. ಪೋಪ್ ಫ್ರಾನ್ಸಿಸ್ ಅವರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳುಸುದ್ದಿಯ ವಿಷಯಕ್ಕೇ ಮೀಸಲಿಟ್ಟು, ಆದಿಕಾಂಡದ ಸರ್ಪದ ಮಾತನ್ನೇ ಮೊದಲ ಸುಳ್ಳುಸುದ್ದಿಯಾಗಿ ಕಂಡರು. ಸತ್ಯದಂತೆ ತೋರುವುದೇ ಸುಳ್ಳಿನ ಬಲವೆಂಬ ಅವರ ಎಚ್ಚರಿಕೆ ಇಂದು ಇನ್ನಷ್ಟು ಪ್ರಸ್ತುತ.

ವದಂತಿಯನ್ನು ಮುಂದೂಡುವವರು ಮಕ್ಕಳು ಮಾತ್ರವೆಂದು ಭಾವಿಸಬೇಕಾಗಿಲ್ಲ. ಕುಟುಂಬದ ಗುಂಪುಗಳಿಗೆ ಮುಂಜಾನೆಯೇ ಬಂದು ಬೀಳುವ ಮದ್ದು, ಪವಾಡ, ಎಚ್ಚರಿಕೆಗಳ ಸಂದೇಶಗಳಲ್ಲಿ ಹಲವನ್ನು ಕಳುಹಿಸುವವರು ಹಿರಿಯರೇ. ಆದುದರಿಂದ ಈ ಪಾಠ ಮನೆಮಂದಿಗೆಲ್ಲ ಸೇರಿದ್ದು.

ಧರ್ಮಕೇಂದ್ರಗಳು, ಶಾಲೆಗಳು, ಯುವಜನ ಸಂಘಟನೆಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಕಳಕಳಿಯ ಮನವಿ. ಧರ್ಮೋಪದೇಶದ ತರಗತಿಯ ಬಳಿಕ ತಿಂಗಳಿಗೊಮ್ಮೆ ಒಂದು ವಿಡಿಯೊ ತೋರಿಸಿ ಚರ್ಚಿಸಲು ದೊಡ್ಡ ಖರ್ಚೇನೂ ಇಲ್ಲ. ಆದರೆ ಮೊದಲ ಹೆಜ್ಜೆ ಮನೆಯಲ್ಲೇ ಆಗಬೇಕು. ದಿನಕ್ಕೆ ಕೇವಲ ಕಾಲು ಗಂಟೆ, ಒಂದೇ ಪರದೆಯ ಮುಂದೆ ಎಲ್ಲರೂ ಕುಳಿತು, ಅಡಿಬರಹವನ್ನು ಗಟ್ಟಿಯಾಗಿ ಓದಿ, ಇದನ್ನು ಹೇಳಿದವರು ಯಾರೆಂದು ಕೇಳಿ, ಉತ್ತರವನ್ನು ಒಟ್ಟಿಗೆ ಹುಡುಕಿದರೆ ಸಾಕು. ಆಸ್ತಿಪಾಸ್ತಿಯನ್ನು ಕೊಡಲಾಗದ ತಂದೆತಾಯಿಯರೂ ಈ ಕಾಲು ಗಂಟೆಯನ್ನು ಕೊಡಬಲ್ಲರು. ಓದಬಲ್ಲ, ಪ್ರಶ್ನಿಸಬಲ್ಲ ಮಗು ತಾನೂ ಮೋಸಹೋಗದು, ನೆರೆಯವನಿಗೂ ಕೇಡು ಬಗೆಯದು.