ಇಣಚಿಗೆ ವಿಷ ಇಟ್ಟರೆ ಮಾಳಿಗೆಯ ತೂತು ಮುಚ್ಚೀತೇ?

ಸೂಡಿಯ ಹೆಣ್ಣುಮಕ್ಕಳ ತಕರಾರು ಈ ಸಲ ನಳದ ನೀರಿನದಲ್ಲ, ರೇಷನ್ ಅಕ್ಕಿಯದೂ ಅಲ್ಲ. ಇಣಚಿಯದು. ಪುಸ್ತಕದಲ್ಲಿ ಅಳಿಲು ಎಂದು ಬರೆಯುವ, ಬೆನ್ನ ಮೇಲೆ ಗೆರೆ ಎಳೆದುಕೊಂಡ ಪ್ರಾಣಿಯೇ ನಮ್ಮ ಕಡೆಯ ಬಾಯಲ್ಲಿ ಇಣಚಿ. ಮಾಳಿಗೆಯ ಮೇಲೆ ಶೇಂಗಾ ಹರವಿದರೆ ಇಣಚಿ, ಸಂಡಿಗೆ ಹಾಕಿದರೆ ಇಣಚಿ, ಅಟ್ಟದ ಮೇಲಿನ ಗಾದಿಯ ಹತ್ತಿ ಕಿತ್ತು ಜಂತಿಯ ಸಂದಿಯಲ್ಲಿ ಗೂಡು ಕಟ್ಟುವುದೂ ಇಣಚಿಯೇ. "ಮನಿ ನಮ್ದೋ ಇಣಚೀದೋ ಒಂದೂ ತಿಳೀವಲ್ತು ನೋಡ್ರಿ" ಎಂಬ ಮಾತು ಓಣಿ ಓಣಿಯಲ್ಲಿ ಕೇಳುತ್ತದೆ. ಸೂಡಿಯಲ್ಲಷ್ಟೇ ಅಲ್ಲ, ಗಜೇಂದ್ರಗಡ, ರೋಣ, ನರಗುಂದದಲ್ಲೂ, ಗದಗ-ಬೆಟಗೇರಿಯ ಹೊಸ ಬಡಾವಣೆಗಳ ಆರ್‌ಸಿಸಿ ಮನೆಗಳಲ್ಲೂ ಇದೇ ಗೋಳು.

ಇದನ್ನು ನಗೆಯ ವಿಷಯ ಎಂದು ತಳ್ಳಿಹಾಕುವವರಿಗೆ ಒಂದು ಮಾತು. ತಿಂಗಳ ದುಡಿಮೆಯಲ್ಲಿ ಕೊಂಡ ಕೇಬಲ್ ವೈರು ಒಂದೇ ದಿನದಲ್ಲಿ ತುಂಡಾದರೆ, ಹನಿ ನೀರಾವರಿಯ ಪೈಪಿಗೆ ಹತ್ತು ಕಡೆ ತೂತು ಬಿದ್ದರೆ, ಬಿತ್ತಲು ಇಟ್ಟ ಶೇಂಗಾ ಬೀಜದ ಚೀಲ ಕೆಳಗಿನಿಂದ ಖಾಲಿಯಾದರೆ ನಗು ಬರುವುದಿಲ್ಲ. ಇಣಚಿ ಹಟಕ್ಕೆ ಬಿದ್ದು ಕಡಿಯುವುದಿಲ್ಲ. ಇಲಿ, ಹೆಗ್ಗಣಗಳ ಹಾಗೆ ಅದರ ಮುಂದಿನ ಹಲ್ಲು ಜೀವ ಇರುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಅದಕ್ಕೆ ಬಾಯಿ ಮುಚ್ಚಲೂ ಆಗದು. ಅದಕ್ಕೆ ಕಟ್ಟಿಗೆಯೂ ಒಂದೇ, ನಿಮ್ಮ ಟಿವಿ ವೈರೂ ಒಂದೇ. ಹಾನಿ ಇದೆ ಎಂಬುದನ್ನು ಒಪ್ಪೋಣ. ಆದರೆ ಆ ಹಾನಿಗೆ ನಮ್ಮ ಜನ ಹುಡುಕಿಕೊಂಡಿರುವ ಔಷಧ ಯಾವುದು? ನಮ್ಮ ಆತಂಕ ಅಲ್ಲಿದೆ.

ಮಾಳಿಗೆಯ ಮೇಲಿನ ಹಿಟ್ಟಿನ ಉಂಡೆ

ಕಿರಾಣಿ ಅಂಗಡಿಗೆ ಹೋಗುವುದು, ಇಲಿ ಪಾಷಾಣದ ಒಂದು ಪೊಟ್ಟಣ ತರುವುದು, ಜೋಳದ ಹಿಟ್ಟಿಗೋ ಬೆಲ್ಲಕ್ಕೋ ಕಲಸಿ ಉಂಡೆ ಮಾಡಿ ಮಾಳಿಗೆಯ ಮೂಲೆಗೆ ಇಡುವುದು. ಇದು ಊರೂರಲ್ಲಿ ನಡೆದು ಬಂದ ರೂಢಿ. ಇಟ್ಟವರು ಸಂಜೆಗೆ ಮರೆಯುತ್ತಾರೆ. ಉಂಡೆ ಮರೆಯುವುದಿಲ್ಲ, ಅಲ್ಲೇ ಕೂತಿರುತ್ತದೆ. ಗಾಳಿಪಟ ಹಿಡಿಯಲು ಮಾಳಿಗೆ ಹತ್ತುವ ಮಕ್ಕಳಿಗೆ ಅದು ಇಣಚಿಯದೆಂದು ಹೇಳುವವರಾರು? ಓಣಿಯ ನಾಯಿಗೆ, ಬೆಕ್ಕಿಗೆ, ಹಿತ್ತಲ ಕೋಳಿಗೆ ಹೇಳುವವರಾರು?

ಈ ಪಾಷಾಣಗಳ ಗುಣವನ್ನು ನಮ್ಮ ಓದುಗರು ತಿಳಿದಿರಬೇಕು. ಕಪ್ಪು ಪುಡಿಯ ರೂಪದಲ್ಲಿ ಸಿಗುವುದು ಸತುವಿನ ಫಾಸ್ಫೈಡ್. ಹೊಟ್ಟೆಗೆ ಹೋದರೆ ಅಲ್ಲಿಯ ಆಮ್ಲದ ಜೊತೆ ಕೂಡಿ ಫಾಸ್ಫೀನ್ ಎಂಬ ವಿಷಗಾಳಿಯಾಗುತ್ತದೆ. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿ ಹಳದಿ ರಂಜಕ ಇರುತ್ತದೆ. ಅದು ಇನ್ನೂ ಕಪಟಿ. ತಿಂದವರು ಮೊದಲ ದಿನ ವಾಂತಿ ಮಾಡಿಕೊಂಡು ಆಮೇಲೆ ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ. ಮನೆಯವರು "ಏನೂ ಆಗಿಲ್ಲ ಬಿಡ್ರಿ" ಎಂದು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಯಕೃತ್ತು ಕೈಕೊಟ್ಟಿರುತ್ತದೆ. ಈ ಎರಡಕ್ಕೂ ಇದೇ ಮದ್ದು ಎನ್ನುವಂಥ ಪ್ರತಿವಿಷ ಇಲ್ಲ. ಮಗು ಬಾಯಿಗೆ ಹಾಕಿಕೊಂಡ ಅನುಮಾನ ಬಂದರೂ ಸಾಕು, ಮನೆಮದ್ದು ಹುಡುಕದೆ, ಲಕ್ಷಣಕ್ಕೆ ಕಾಯದೆ, ಆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಬೇಕು. ನಾಲ್ಕು ಹಿಡಿ ಶೇಂಗಾ ಉಳಿಸಲು ಇಂಥ ವಸ್ತುವನ್ನು ತೆರೆದ ಮಾಳಿಗೆಯ ಮೇಲೆ ಇಡುವುದು ಯಾವ ಲೆಕ್ಕದ ಜಾಣತನ?

ಇನ್ನು ಕೆಲವರು ಅಂಟುಹಲಗೆ ತರುತ್ತಾರೆ. ಅದಕ್ಕೆ ಸಿಕ್ಕ ಜೀವ ಚರ್ಮ ಕಿತ್ತುಕೊಂಡು ತಾಸುಗಟ್ಟಲೆ ಒದ್ದಾಡಿ ಸಾಯುತ್ತದೆ. ಅದನ್ನು ನೋಡುತ್ತ ನಿಲ್ಲುವ ಮಕ್ಕಳು ಏನು ಕಲಿಯುತ್ತಾರೆ ಎಂಬುದನ್ನೂ ಯೋಚಿಸಬೇಕು.

ಕಾನೂನು ಏನನ್ನುತ್ತದೆ?

"ಇಣಚಿ ಕೊಂದ್ರ ಯಾರ್ ಕೇಳ್ತಾರ್ರೀ?" ಎನ್ನುವವರು ಉಂಟು. ಕೇಳಲು ಕಾನೂನು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪೀಡೆ ಎಂದು ಕೊಲ್ಲಲು ಬಿಟ್ಟ ಪ್ರಾಣಿಗಳ ಪಟ್ಟಿಯೊಂದಿತ್ತು. ಅದರಲ್ಲಿ ಕಾಗೆ, ಹಣ್ಣುಬಾವಲಿ, ಇಲಿ ಇದ್ದವು, ಅಳಿಲು ಇರಲಿಲ್ಲ. ಐದು ಗೆರೆಯ ಅಳಿಲಿನ ಹೆಸರನ್ನಂತೂ ರಕ್ಷಣೆ ಪಡೆದ ಪ್ರಾಣಿಗಳ ಸಾಲಿನಲ್ಲಿ ಬರೆದಿದ್ದರು. 2022ರ ತಿದ್ದುಪಡಿಯಲ್ಲಿ ಪೀಡೆಗಳ ಆ ಪಟ್ಟಿಯೇ ಹೋಯಿತು. ಇದಲ್ಲದೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇದೆ. ಬೇಕೆಂದೇ, ಕಾರಣವಿಲ್ಲದೆ ಪ್ರಾಣಿಗೆ ವಿಷ ತಿನ್ನಿಸುವುದು ಆ ಕಾಯಿದೆಯ ಪ್ರಕಾರ ಅಪರಾಧ.

ಕಾನೂನು ಬದಿಗಿಡಿ, ಲೆಕ್ಕವನ್ನಾದರೂ ನೋಡಿ. ಇಣಚಿಯ ಗಬ್ಬ ಸುಮಾರು 34 ದಿನದ್ದು. ಒಂದು ಸೂಲಿಗೆ ಎರಡು-ಮೂರು ಮರಿ. ಒಂದನ್ನು ಕೊಂದರೆ ತೆರವಾದ ಜಾಗಕ್ಕೆ ಪಕ್ಕದ ಬೇವಿನ ಮರದಿಂದ ಇನ್ನೊಂದು ಬರುತ್ತದೆ. ತೂತು ಇದೆ, ಕಾಳು ಇದೆ, ಗಾದಿಯಲ್ಲಿ ಹತ್ತಿ ಇದೆ, ಬಾಡಿಗೆ ಇಲ್ಲ! ಯಾರು ಬಿಟ್ಟಾರು? ಬೋನಿನಲ್ಲಿ ಹಿಡಿದು ಮಂದಿಯ ಹೊಲಕ್ಕೆ ಬಿಟ್ಟು ಬರುವುದೂ ಇದೇ ಲೆಕ್ಕ. ನಮ್ಮ ತಲೆನೋವು ಇನ್ನೊಬ್ಬರ ತಲೆಗೆ ಹೋಯಿತೇ ಹೊರತು ಮನೆಯ ತೂತು ಹಾಗೇ ಉಳಿಯಿತು.

ಹಾಗಾದರೆ ಮಾಡುವುದೇನು?

ಮಾಡುವುದು ಬಹಳ ಇದೆ, ಖರ್ಚು ಕಡಿಮೆ ಇದೆ. ಮೊದಲನೆಯದು, ಇಣಚಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಹಗಲಿನಲ್ಲಿ ಕೂತು ನೋಡಬೇಕು. ಇದು ರಾತ್ರಿ ತಿರುಗುವ ಪ್ರಾಣಿ ಅಲ್ಲ. ರಾತ್ರಿ ಅಟ್ಟದ ಮೇಲೆ ಸದ್ದಾದರೆ ಅದು ಇಲಿ, ಇಣಚಿ ಅಲ್ಲ. ಎಷ್ಟೋ ಮನೆಗಳಲ್ಲಿ ಇಲಿಯ ತಪ್ಪಿಗೆ ಇಣಚಿಗೆ ಶಿಕ್ಷೆ ಆಗುತ್ತಿದೆ. ದಾರಿ ತಿಳಿದ ಮೇಲೆ ಗೂಡಿನಲ್ಲಿ ಮರಿ ಇವೆಯೇ ಎಂದು ನೋಡಬೇಕು. ಮರಿ ಇದ್ದರೆ ತಡೆಯಿರಿ. ಸುಮಾರು ಹತ್ತು ವಾರಕ್ಕೆ ಅವು ಹಾಲು ಬಿಟ್ಟು ತಾವೇ ಹೊರಬೀಳುತ್ತವೆ. ಅವಸರಕ್ಕೆ ತೂತು ಮುಚ್ಚಿದರೆ ಮರಿ ಒಳಗೆ ಸತ್ತು ಮನೆ ನಾರುತ್ತದೆ. ತಾಯಿ ಒಳಗೆ ಬರಲು ಇನ್ನೊಂದು ಕಡೆ ಕಡಿಯುತ್ತದೆ.

ಗೂಡು ಖಾಲಿಯಾದ ಮೇಲೆ, ಹಗಲು ಹೊತ್ತು ಅವು ಹೊರಗೆ ಹೋಗಿದ್ದಾಗ, ಸಂದಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಬಡಿದು ಸಿಮೆಂಟು ಮೆತ್ತಬೇಕು. ಅರಿವೆ, ಥರ್ಮಾಕೋಲು, ಕಟ್ಟಿಗೆಯ ಬೆಣೆ ಉಪಯೋಗವಿಲ್ಲ, ಒಂದೇ ದಿನದಲ್ಲಿ ಕಡಿದು ಹಾಕುತ್ತವೆ. ಮಣ್ಣಿನ ಮಾಳಿಗೆಯ ಬೆಳಕಿಂಡಿಗೂ ಇದೇ ಜಾಳಿಗೆ ಹಾಕಿದರೆ ಗಾಳಿ ಬೆಳಕಿಗೆ ತೊಂದರೆ ಇಲ್ಲ. ಮಾಳಿಗೆಯ ಮೇಲೆ ಬಾಗಿದ ಬೇವಿನ, ನುಗ್ಗೆಯ ಟೊಂಗೆಯನ್ನು ಆರೆಂಟು ಅಡಿ ಹಿಂದಕ್ಕೆ ಕಡಿಯಿರಿ. ಟೊಂಗೆ ಎಂದೆವು, ಮರ ಎಂದಿಲ್ಲ! ತೆಂಗಿನ ಮರ ಇದ್ದವರು ಕಾಂಡಕ್ಕೆ ಎರಡಡಿ ಅಗಲದ ನುಣುಪು ತಗಡು ಸುತ್ತಿಸಿದರೆ ಇಲಿಯೂ ಏರುವುದಿಲ್ಲ, ಇಣಚಿಯೂ ಜಾರುತ್ತದೆ. ಪಕ್ಕದ ಮರದಿಂದ ಜಿಗಿಯಲು ಮಾತ್ರ ದಾರಿ ಇರಬಾರದು. ವೈರಿಂಗ್ ಮಾಡಿಸುವಾಗ ನಾಲ್ಕು ದುಡ್ಡು ಉಳಿಸಲು ಬರಿ ವೈರು ಎಳೆಸದೆ ಪೈಪಿನೊಳಗೆ ಹಾಕಿಸಿ. ಕಡಿದ ವೈರು ಕಂಡರೆ ಮೇನ್ ಸ್ವಿಚ್ ತೆಗೆಯದೆ ಮುಟ್ಟಬೇಡಿ.

ಕಾಳು ಕಾಯುವ ವಿದ್ಯೆಯಂತೂ ನಮ್ಮ ಹಿರಿಯರಿಗೆ ಗೊತ್ತಿತ್ತು. ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಈಗ ಹಗೇವು ಹೋಯಿತು, ಪ್ಲಾಸ್ಟಿಕ್ ಚೀಲ ಬಂತು. ಚೀಲ ಪಡಸಾಲೆಯ ಗೋಡೆಗೆ ಒರಗಿ ಕೂತಿದೆ, ಇಣಚಿ ಅದರ ಮೇಲೆ ಕೂತಿದೆ. ಮುಚ್ಚಳ ಇರುವ ತಗಡಿನ ಡಬ್ಬಿ ತನ್ನಿ, ಒಣಹಾಕಿದ ಕಾಳಿಗೆ ಹಳೆಯ ಬಲೆ ಹೊದಿಸಿ. ಕಚ್ಚಿತೆಂದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಅಳಿಲಿನಿಂದ ಹುಚ್ಚುನಾಯಿ ರೋಗ ಬರುವುದು ತೀರ ಅಪರೂಪ, ಆದರೆ ಧನುರ್ವಾಯುವಿನ ಸೂಜಿ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳಬೇಕು.

ಅಧಿಕಾರಿಗಳಿಗೂ ಇಣಚಿ ಬೇಕು!

ಮನೆಯವರಿಗೆ ಇಷ್ಟು ಹೇಳಿದ ಮೇಲೆ ಸರಕಾರದ ಕಡೆಗೂ ತಿರುಗಬೇಕು. ತನ್ನ ತೂತನ್ನು ಬಿಟ್ಟು ಇಣಚಿಯ ಮೇಲೆ ತಪ್ಪು ಹೊರಿಸುವ ಚಟ ಬರೀ ಮನೆಯವರದ್ದಲ್ಲ. 2021ರ ಜೂನಿನಲ್ಲಿ ತಮಿಳುನಾಡಿನಲ್ಲಿ ಕರೆಂಟು ಮೇಲಿಂದ ಮೇಲೆ ಹೋಗತೊಡಗಿದಾಗ ಆಗಿನ ವಿದ್ಯುತ್ ಸಚಿವ ಸೆಂಥಿಲ್ ಬಾಲಾಜಿ ತಂತಿಗಳ ಮೇಲೆ ಓಡಾಡುವ ಅಳಿಲುಗಳ ಕಡೆ ಬೆರಳು ತೋರಿಸಿದರು. ಜನ ನಕ್ಕರು. ಮರುವರ್ಷ ನಗಲು ಏನೂ ಇರಲಿಲ್ಲ. 2022ರ ಜೂನ್ 30ರಂದು ನಮ್ಮ ಗಡಿಯಾಚೆಯ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ತಾಡಿಮರ್ರಿ ಮಂಡಲದಲ್ಲಿ, ಹೊಲದ ಕೆಲಸಕ್ಕೆ ಹೊರಟಿದ್ದ ಕೂಲಿ ಹೆಣ್ಣುಮಕ್ಕಳ ಆಟೋ ಮೇಲೆ ಹೈಟೆನ್ಷನ್ ತಂತಿ ಹರಿದು ಬಿತ್ತು. ಐವರು ಸುಟ್ಟು ಸತ್ತರು. ವಿದ್ಯುತ್ ಕಂಪನಿಯ ಅಧಿಕಾರಿಗಳು ಕೊಟ್ಟ ಕಾರಣ ಏನು? ಅಳಿಲು!

ಅಳಿಲು ತಂತಿಗೂ ಕಂಬದ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗುವುದು ನಿಜ. 1987ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಸ್ಡಾಕ್ ಶೇರುಪೇಟೆಯೇ ಒಂದು ಅಳಿಲಿನ ದೆಸೆಯಿಂದ 80 ನಿಮಿಷಕ್ಕೂ ಹೆಚ್ಚು ಹೊತ್ತು ನಿಂತುಹೋಗಿತ್ತು. ಆದರೆ ಸುಮಾರು ನೂರು ಗ್ರಾಂ ತೂಕದ ಪ್ರಾಣಿ ತಾಗಿದ ಮಾತ್ರಕ್ಕೆ ತಂತಿ ಹರಿದು ಬೀಳಬೇಕೇ? ಬಿದ್ದ ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇರಬೇಕೇ? ತಂತಿ ಗಟ್ಟಿ ಇರಬೇಕಾದದ್ದು, ಬಿದ್ದರೆ ಕ್ಷಣದಲ್ಲಿ ಲೈನು ಕಡಿತವಾಗಬೇಕಾದದ್ದು ಯಾರ ಜವಾಬ್ದಾರಿ? ಸತ್ತ ಇಣಚಿ ಜವಾಬು ಕೊಡುವುದಿಲ್ಲ. ಅದಕ್ಕೇ ಅದು ಎಲ್ಲರಿಗೂ ಅನುಕೂಲದ ಆರೋಪಿ.

ಆದ್ದರಿಂದ ಹೆಸ್ಕಾಂನವರಿಗೆ ನಮ್ಮ ವಿನಂತಿ: ಹಳ್ಳಿಗಳ ಒಳಗಿನ ಲೈನುಗಳಿಗೆ ತಾಗುವ ಟೊಂಗೆಗಳನ್ನು ಮಳೆಗಾಲಕ್ಕೆ ಮೊದಲು ಸವರಿಸಿರಿ. ಜೋತುಬಿದ್ದ ತಂತಿ ಬಿಗಿಸಿರಿ. ಟ್ರಾನ್ಸ್‌ಫಾರ್ಮರಿನ ಬಾಯಿಗೆ ಹೊದಿಕೆ ಹಾಕಿಸಿರಿ. ಗ್ರಾಮ ಪಂಚಾಯಿತಿಯವರು ಕಿರಾಣಿ ಅಂಗಡಿಯಲ್ಲಿ ಬಿಸ್ಕೀಟಿನ ಪಕ್ಕದಲ್ಲೇ ಪಾಷಾಣ ಇಟ್ಟು ಮಾರುವುದನ್ನು ಕಣ್ಣು ತೆರೆದು ನೋಡಲಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ವಿಷ ಇಲ್ಲದೆ ಕಾಳು ಕಾಯುವುದು ಹೇಗೆಂದು ಒಂದು ದಿನ ಸೂಡಿಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳನ್ನು ಕೂರಿಸಿ ತೋರಿಸಿದರೆ ಹತ್ತು ಭಾಷಣಕ್ಕೆ ಸಮ.

ಗುಡಿ ಕಲಿಸುವ ಪಾಠ

ಸೂಡಿ ಸಣ್ಣ ಊರಲ್ಲ. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದ ರಾಜಧಾನಿ. 11ನೇ ಶತಮಾನದ ಜೋಡು ಕಳಸದ ಗುಡಿ ಇಂದಿಗೂ ನಿಂತಿದೆ, ನಾಗಕುಂಡ ಇದೆ. ಇಂಥ ಹಳೆಯ ಗುಡಿಗಳ ಕಲ್ಲಿನ ಸಂದಿಯಲ್ಲಿ ಹಕ್ಕಿ ತಂದು ಹಾಕಿದ ಅರಳಿ ಬೀಜ ಮೊಳೆತರೆ ಗೋಡೆ ಸೀಳುತ್ತದೆ. ಆಗ ಬುದ್ಧಿ ಇದ್ದವರು ಊರಿನ ಹಕ್ಕಿಗಳಿಗೆಲ್ಲ ವಿಷ ಇಡುವುದಿಲ್ಲ. ಗಿಡವನ್ನು ಬೇರು ಸಹಿತ ಕಿತ್ತು ಸಂದಿಗೆ ಗಾರೆ ತುಂಬುತ್ತಾರೆ. ಗುಡಿಗೊಂದು ನ್ಯಾಯ, ಮನೆಗೊಂದು ನ್ಯಾಯ ಆಗಬಾರದು.

ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಮೂರು ಬೆರಳಿನಿಂದ ಸವರಿದ ಎಂಬ ಕತೆಯನ್ನು ಮಕ್ಕಳಿಗೆ ಹೇಳುವವರೂ ನಾವೇ, ಸಣ್ಣ ಕೆಲಸ ಮಾಡಿ "ನಂದೊಂದು ಅಳಿಲು ಸೇವೆ" ಎಂದು ಕೈಮುಗಿಯುವವರೂ ನಾವೇ, ಮಾಳಿಗೆಗೆ ಪಾಷಾಣದ ಉಂಡೆ ಹೊರುವವರೂ ನಾವೇ. ಭಕ್ತಿಯಿಂದ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ನಿಮ್ಮ ಶೇಂಗಾ ನಿಮಗೆ ಉಳಿಯಬೇಕು. ಆದರೆ ನಿಮ್ಮ ಮಗುವೂ ಉಳಿಯಬೇಕಲ್ಲ?

ಸೂಡಿಯ ಮಹಾಜನರು ಈ ವಾರ ಒಂದು ಕೆಲಸ ಮಾಡಲಿ. ಏಣಿ ಹಾಕಿ ಮಾಳಿಗೆ ಹತ್ತಲಿ. ಅಲ್ಲಿ ಉಂಡೆ ಇದ್ದರೆ ಬರಿಗೈಯಲ್ಲಿ ಮುಟ್ಟದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಾವಿ, ಕೆರೆ, ಕೊಟ್ಟಿಗೆಯಿಂದ ದೂರ ಆಳವಾಗಿ ಹೂಳಲಿ. ಆಮೇಲೆ ಒಂದು ಬುಟ್ಟಿ ಸಿಮೆಂಟು, ಒಂದು ಗಜ ಜಾಳಿಗೆ ತರಿಸಲಿ. ಇಣಚಿ ತಾನಾಗಿಯೇ ಬೇವಿನ ಮರಕ್ಕೆ ಹೋಗುತ್ತದೆ. ಅದರ ಮನೆ ಮೊದಲಿನಿಂದಲೂ ಅಲ್ಲಿಯೇ ಇತ್ತು.