ಹೊರಡುವ ಮುನ್ನ ಬದಲಾದ ಯಾತ್ರೆ

ನಮ್ಮ ನೆರೆಮನೆಯ ಹಿರಿಯರೊಬ್ಬರು ಕಳೆದ ವರ್ಷ ಕಾಶೀಯಾತ್ರೆಗೆಂದು ಪ್ರವಾಸದ ಕಂಪನಿಯೊಂದಕ್ಕೆ ದಂಪತಿಗಳಿಬ್ಬರ ಪೂರ್ಣ ಹಣವನ್ನೂ ಮುಂಗಡವಾಗಿ ಕಟ್ಟಿದರು. ಕಾಶಿ, ಪ್ರಯಾಗ, ಗಯೆ ಮೂರೂ ಉಂಟೆಂದು ಕರಪತ್ರದಲ್ಲಿ ಅಚ್ಚಾಗಿದ್ದಿತು. ಗಯೆಯಲ್ಲಿ ತಾಯಿಗೆ ಪಿಂಡಪ್ರದಾನ ಮಾಡಬೇಕೆಂಬುದೇ ಅವರ ಸಂಕಲ್ಪ. ಹೊರಡಲು ಹತ್ತು ದಿನವಿರುವಾಗ ಕಂಪನಿಯಿಂದ ಸಂದೇಶ ಬಂದಿತು: ಗಯೆಯನ್ನು ಕೈಬಿಟ್ಟಿದೆ, ಅದರ ಬದಲು ಅಯೋಧ್ಯೆಯನ್ನು ಸೇರಿಸಿದೆ, ಹಣದಲ್ಲಿ ವ್ಯತ್ಯಾಸವಿಲ್ಲ. ಹಿರಿಯರು ಅದನ್ನು ನಮಗೆ ತೋರಿಸಿ, "ಅಯೋಧ್ಯೆಯೂ ಪುಣ್ಯಕ್ಷೇತ್ರವೇ, ಬೇಡವೆನ್ನಲು ಬಾಯಿ ಬಾರದು. ಆದರೆ ಅಮ್ಮನಿಗೆ ಏನೆಂದು ಹೇಳಲಿ?" ಎಂದರು.

ಬದಲಾವಣೆಗಳೆಲ್ಲ ಒಂದೇ ತೂಕದವಲ್ಲ. ಬಸ್ಸು ಒಂದು ಗಂಟೆ ತಡವಾದರೆ, ಒಂದು ವಸತಿಗೃಹದ ಬದಲು ಅದೇ ದರ್ಜೆಯ ಮತ್ತೊಂದು ದೊರೆತರೆ, ಗೃಹಸ್ಥನು ಸಹಿಸತಕ್ಕದ್ದು. ಯಾವುದನ್ನು ನಂಬಿ ಹಣ ಕೊಟ್ಟೆವೋ ಅದನ್ನೇ ತೆಗೆದುಹಾಕಿದರೆ ಅದು ಬೇರೆಯೇ ಯಾತ್ರೆಯಾಯಿತು. ಬ್ರಿಟನ್ನಿನ 2018ರ ನಿಯಮಗಳಲ್ಲಿ, ಬೆಲೆಯನ್ನು ನೂರಕ್ಕೆ 8ಕ್ಕಿಂತ ಹೆಚ್ಚಾಗಿ ಏರಿಸಿದರೆ ಪ್ರವಾಸಿಯು ದಂಡ ತೆರದೆ ಬಿಟ್ಟುಬಿಡಬಹುದೆಂದು ಅಂಕೆಯಿಟ್ಟೇ ಹೇಳಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಇಂಥ ಅಂಕೆಯಿಲ್ಲ. ಹಾಗೆಂದು ನಾವು ನಿರುಪಾಯರೆಂದು ಭಾವಿಸಕೂಡದು. ಒಪ್ಪಿಕೊಂಡ ಸೇವೆಯನ್ನು ಒಪ್ಪಿದಂತೆ ಸಲ್ಲಿಸದಿರುವುದು ಆ ಕಾಯಿದೆಯಂತೆ ಸೇವೆಯಲ್ಲಿನ ನ್ಯೂನತೆ.

"ಕಾರ್ಯಕ್ರಮವನ್ನು ಬದಲಿಸುವ ಹಕ್ಕು ನಮಗುಂಟು" ಎಂಬ ಷರತ್ತನ್ನು ಕಂಪನಿಯವರು ತೋರಿಸುವರು. (ಆ ಸಣ್ಣ ಅಕ್ಷರಗಳಿಗೆ ತಮ್ಮ ಕನ್ನಡಕ ಸಾಲದೆಂದು ನಮ್ಮ ಹಿರಿಯರ ದೂರು.) ಅಚ್ಚಾದ ಮಾತ್ರಕ್ಕೆ ಅದು ಕೊನೆಯ ಮಾತಲ್ಲ. ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಮಾರ್ಪಡಿಸುವ ಷರತ್ತುಗಳುಳ್ಳ ಕರಾರನ್ನು ಅದೇ ಕಾಯಿದೆ ಅನ್ಯಾಯದ ಕರಾರೆಂದು ಕರೆದಿದೆ. ಭೂಕುಸಿತದಿಂದ ಕೇದಾರದ ದಾರಿಯೇ ಮುಚ್ಚಿದರೆ ಕಂಪನಿಯನ್ನು ಹಳಿಯುವುದು ನ್ಯಾಯವಲ್ಲ. ಆಗಲೂ ಸಲ್ಲದ ಸೇವೆಯ ಹಣವನ್ನು ಕೇಳುವುದರಲ್ಲಿ ತಪ್ಪಿಲ್ಲ.

ಉತ್ತರವನ್ನು ಹೊರಡುವ ಮುನ್ನವೇ, ಅದೂ ಬರೆಹದಲ್ಲಿ, ಕೊಡಬೇಕು. ಮೌನವಾಗಿ ಗಾಡಿಯೇರಿ, ಹಿಂದಿರುಗಿದ ಮೇಲೆ ದೂರಿದರೆ, "ಒಪ್ಪಿಯೇ ಬಂದಿರಲ್ಲ!" ಎಂಬ ಮಾತು ಸಿದ್ಧವಾಗಿರುತ್ತದೆ. ನಾವು ಹಿರಿಯರಿಂದ ಬರೆಯಿಸಿದ ಕಾಗದ ಚಿಕ್ಕದು: ಈ ಬದಲಾವಣೆಗೆ ನಮ್ಮ ಒಪ್ಪಿಗೆಯಿಲ್ಲ, ಗಯೆಯನ್ನು ಸೇರಿಸಿರಿ, ಇಲ್ಲವೇ ಪೂರ್ಣ ಹಣವನ್ನು ಇಂಥ ದಿನದೊಳಗಾಗಿ ಹಿಂದಿರುಗಿಸಿರಿ. ರಶೀದಿ, ಮೊದಲಿನ ಕರಪತ್ರ, ಬದಲಾವಣೆಯ ಸಂದೇಶ ಇವನ್ನು ಅವರ ಶ್ರೀಮತಿಯವರು ಪಂಚಾಂಗದೊಳಗೆ ಜೋಪಾನವಾಗಿಟ್ಟರು.

ಕಂಪನಿಯವರು ಕಿವಿಗೊಡದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. ಕಂಪನಿಯ ಕಛೇರಿ ಎಲ್ಲಿಯೇ ಇರಲಿ, ನಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಕೊಟ್ಟ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ.

ಹಿರಿಯರ ಮೊದಲನೆಯ ಕಾಗದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದರಲ್ಲಿ ಆಯೋಗದ ಹೆಸರನ್ನು ಎತ್ತಿದ ಮೇಲೆ, ಹೊರಡಬೇಕಾಗಿದ್ದ ದಿನ ಕಳೆದು ಮೂರು ವಾರಕ್ಕೆ, ಹಣ ಪೂರ್ಣವಾಗಿ ಕೈಸೇರಿತು. ದಂಪತಿಗಳು ತಾವೇ ರೈಲಿನಲ್ಲಿ ಗಯೆಗೆ ಹೋಗಿ, ಫಲ್ಗುವಿನ ತೀರದಲ್ಲಿ ಕಾರ್ಯವನ್ನು ಮುಗಿಸಿ ಬಂದರು. ಅಯೋಧ್ಯೆಯನ್ನು ಮುಂದಿನ ವರ್ಷಕ್ಕೆಂದು ಇಟ್ಟುಕೊಂಡಿದ್ದಾರೆ.