ಚಾವಡಿಯಲ್ಲಿ ಕೂರಬೇಕಾದವನಿಗೆ ಅಡುಗೆಕೋಣೆಯಲ್ಲೇನು ಕೆಲಸ?

ಶಾಲೆಯ ಲ್ಯಾಬಿಗೆ ಯುಎಸ್‌ಬಿ ಉಪಕರಣ ಮಾರಲು ಬರುವವರಿಗೆ ನನ್ನದೊಂದು ಪ್ರಶ್ನೆ. ಉಷ್ಣತೆ ಅಳೆದು ನಾಲ್ಕು ಅಂಕಿ ಕಳಿಸುವ ಡಬ್ಬಿಗೆ ಕರ್ನೆಲ್ ಮಾಡ್ಯೂಲ್ ಯಾಕೆ ಮಾರಾಯ್ರೆ?

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ಅಡುಗೆಕೋಣೆ. ಅದರೊಳಗೆ ಕೂತ ಡ್ರೈವರ್ ಮೆಮೊರಿಯಲ್ಲಿ ತಪ್ಪು ಜಾಗಕ್ಕೆ ಕೈಹಾಕಿದರೆ ಇಡೀ ಕಂಪ್ಯೂಟರ್ ನಿಂತೀತು. ಯೂಸರ್ ಸ್ಪೇಸ್ ಎನ್ನುವುದು ಚಾವಡಿ. ಅಲ್ಲಿನ ಡ್ರೈವರ್ ಕೆಟ್ಟರೆ ಸಾಮಾನ್ಯವಾಗಿ ಆ ಪ್ರೋಗ್ರಾಂ ಮಾತ್ರ ಮುಚ್ಚುತ್ತದೆ, ಮತ್ತೆ ತೆರೆದರಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಮಲಗಿದವು. ಅದು ಯಾವ ಉಪಕರಣದ ಡ್ರೈವರೂ ಅಲ್ಲ, ಕಾವಲು ಸಾಫ್ಟ್‌ವೇರ್. ಆದರೆ ಕೂತಿದ್ದದ್ದು ಅಡುಗೆಕೋಣೆಯಲ್ಲಿ!

ಕೇರಳದ ಉಳಿದ ಶಾಲೆಗಳಂತೆ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇರುವುದು ಲಿನಕ್ಸ್. ಹತ್ತನೆಯ ಮಕ್ಕಳ ಐಟಿ ಪರೀಕ್ಷೆಯೂ ಇದೇ ಕಂಪ್ಯೂಟರಿನಲ್ಲಿ. ಲಿನಕ್ಸ್ ಕರ್ನೆಲ್ಲಿನ ಒಳಗಿನ ವ್ಯವಸ್ಥೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತದೆ. ಹಾಗೇ ಇಡುತ್ತೇವೆಂದು ಅದನ್ನು ಕಟ್ಟುವವರು ಮಾತು ಕೊಟ್ಟೇ ಇಲ್ಲ. ಅವರು ಜೋಪಾನ ಮಾಡುವುದು ಹೊರಗಿನ ಪ್ರೋಗ್ರಾಂಗಳು ಕರ್ನೆಲ್ಲಿನೊಡನೆ ಮಾತಾಡುವ ಬಾಗಿಲನ್ನು. ಆದ್ದರಿಂದ ಸಿಡಿಯಲ್ಲಿ ಕೊಟ್ಟ ಮಾಡ್ಯೂಲ್ ಮುಂದಿನ ಅಪ್‌ಡೇಟಿಗೇ ಕೈಕೊಡಬಹುದು. ಆಮೇಲೆ ಕಂಪನಿಯವರಿಗೆ ಫೋನು ಮಾಡಿದರೆ "ಹಳೇ ಕರ್ನೆಲ್ಲೇ ಹಾಕಿಕೊಳ್ಳಿ ಸಾರ್" ಅನ್ನುತ್ತಾರೆ. ಒಂದು ಡಬ್ಬಿಗಾಗಿ ಇಡೀ ಲ್ಯಾಬಿನ ಭದ್ರತಾ ಅಪ್‌ಡೇಟು ನಿಲ್ಲಿಸಬೇಕಂತೆ!

ವೇಗ ಬೇಕು ಎನ್ನುತ್ತೀರಾ? ಸೆಕೆಂಡಿಗೆ ನೂರು ಅಳತೆ ಕಳಿಸುವುದಕ್ಕೆ ಎಷ್ಟು ವೇಗ ಬೇಕು ಸ್ವಾಮಿ? ಭಾರೀ ವೇಗದ ನೆಟ್‌ವರ್ಕ್ ಕಾರ್ಡುಗಳನ್ನೇ ಡಿಪಿಡಿಕೆ ಎಂಬ ವ್ಯವಸ್ಥೆ ಯೂಸರ್ ಸ್ಪೇಸಿನಿಂದ ನಡೆಸುತ್ತದೆ. ಅದಕ್ಕಾಗಿ ಪ್ರೊಸೆಸರಿನ ಒಂದು ಕೋರ್ ಇಡೀ ಹೊತ್ತು ದುಡಿಯುತ್ತಲೇ ಇರಬೇಕು ಎನ್ನುವುದು ಬೇರೆ ಮಾತು.

ಎಲ್ಲವನ್ನೂ ಹೊರಗೆ ಹಾಕಿ ಎನ್ನುತ್ತಿಲ್ಲ. ಹಾರ್ಡ್ ಡಿಸ್ಕಿನ ಡ್ರೈವರ್ ಒಳಗೇ ಇರಲಿ. ತಾನೇ ನೇರವಾಗಿ ಮೆಮೊರಿಗೆ ಬರೆಯುವ ಕಾರ್ಡನ್ನು ಹೊರಗಿನಿಂದ ನಡೆಸುವುದಾದರೆ ಐಒಎಂಎಂಯು ಎಂಬ ಕಾವಲು ಬೇಕು. ಇಲ್ಲದಿದ್ದರೆ ಅದು ಚಾವಡಿಯಲ್ಲಿ ಕೂತೂ ಅಡುಗೆಕೋಣೆ ಕೆಡಿಸಬಲ್ಲದು. ಯುಎಸ್‌ಬಿ ಡಬ್ಬಿಗೆ ಈ ತಲೆನೋವಿಲ್ಲ, ಮೆಮೊರಿಯ ಕೆಲಸವನ್ನು ಕರ್ನೆಲ್ಲಿನ ಯುಎಸ್‌ಬಿ ಭಾಗವೇ ನೋಡಿಕೊಳ್ಳುತ್ತದೆ.

ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರಿನವರ 'ಎಕ್ಸ್‌ಪೈಸ್' ನೋಡಿ. ಭೌತಶಾಸ್ತ್ರದ ಎಷ್ಟೋ ಪ್ರಯೋಗ ಮಾಡಿಸುವ ಉಪಕರಣ ಅದು. ಕರ್ನೆಲ್ಲಿನಲ್ಲಿ ಮೊದಲೇ ಇರುವ ಸೀರಿಯಲ್ ಡ್ರೈವರ್ ಬಳಸಿ, ಉಳಿದದ್ದನ್ನೆಲ್ಲ ಪೈಥಾನ್‌ನಲ್ಲಿ ಬರೆದಿದ್ದಾರೆ. ಮಕ್ಕಳೇ ತೆರೆದು ಓದಬಹುದು, ತಿದ್ದಬಹುದು.

ಸೀರಿಯಲ್ ಬೇಡವಾದರೆ ಲಿಬ್‌ಯುಎಸ್‌ಬಿ ಇದೆ. ರೂಟ್ ಪಾಸ್‌ವರ್ಡ್ ಎಲ್ಲರಿಗೂ ಹಂಚಬೇಕೆಂದೂ ಇಲ್ಲ, ಯುಡೆವ್‌ಗೆ ಒಂದು ಸಾಲಿನ ನಿಯಮ ಬರೆದರೆ ಸಾಕು. ಮಾರಲು ಬರುವವರು ಆ ಒಂದು ಸಾಲನ್ನೂ ಪ್ರೋಗ್ರಾಂನ ಸೋರ್ಸನ್ನೂ ಕೊಡಲಿ. ಆಮೇಲೆ ರೇಟು ಮಾತಾಡುವ.